ಕೊನೆಯ ವಸ್ತಿಯ ದನಗಳು

ಹೋದ ತಿಂಗಳು ಮಗಳಿಗೆ ಫ್ಲ್ಯಾಟ್ ನೋಡಲೆಂದು ನಮ್ಮ ಹಳೆಯ ಊರಿಗೆ ಹೋಗಿದ್ದೆವು. ಮೇಘಾ ಈಗ ಕ್ಯಾನರಿ ವಾರ್ಫಿನಲ್ಲಿ ಕೆಲಸ ಮಾಡುತ್ತಾಳೆ. ರೇನರ್ಸ್ ಲೇನಿನ ನಮ್ಮ ಮನೆಯಿಂದ ದಿನಾ ಓಡಾಡಿ ಸಾಕಾಗಿದೆಯಂತೆ, ಲಂಡನ್ನಿನ ಪೂರ್ವದ ಅಂಚಿನಲ್ಲಿ ಮನೆ ಹುಡುಕುತ್ತಿದ್ದಾಳೆ. ಏಜೆಂಟ್ ಮಹಾಶಯ ನಮ್ಮನ್ನು ಬಾಲ್ಕನಿಗೆ ಕರೆದುಕೊಂಡು ಹೋಗಿ, "ಈ ಹೈ ಸ್ಟ್ರೀಟ್ ಎಷ್ಟು ಅಗಲ ನೋಡಿ, ಪಾರ್ಕಿಂಗಿಗೆಂದೇ ಮಾಡಿಸಿದ ಹಾಗಿದೆ" ಎಂದ. ನನಗೆ ಸಿಟ್ಟು ನೆತ್ತಿಗೇರಿತು. "ಪಾರ್ಕಿಂಗಿಗಲ್ಲಪ್ಪಾ, ದನಗಳಿಗೆ" ಎಂದೆ. ಅವನು ನಕ್ಕ. ಮೇಘಾ ನಗಲಿಲ್ಲ. "ಮಮ್, ಪ್ಲೀಸ್" ಎಂದು ನನ್ನ ಮೊಣಕೈ ಹಿಡಿದಳು. ಆಮೇಲೆ ಅವನು ತೋರಿಸಿದ ಅಡಿಗೆಮನೆ, ಲಿಫ್ಟು ಯಾವುದೂ ನನ್ನ ತಲೆಗೆ ಹೋಗಲಿಲ್ಲ. ಮನಸ್ಸು ಎರಡು ಸಾವಿರದ ಒಂದನೇ ಇಸವಿಗೆ ಹೋಗಿ ಕುಳಿತಿತ್ತು.

ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿನ ರೈತ ರೆಜ್‌ನ ಮಗಳು ಇನ್ನೂ ಅಲ್ಲೇ ಇದ್ದಾಳೆ, ಅವಳಿಗೆ ಮುಜುಗರವಾಗುವುದು ಬೇಡ. ಗಡಿ ಊರು ಎಂದರೆ ಸಾಕು. ಬಸ್ ಸ್ಟಾಪಿನ ಈ ಕಡೆ ಲಂಡನ್ನಿನ ಕೆಂಪು ಬಸ್ಸು ತಿರುಗಿ ಹೋಗುತ್ತಿತ್ತು, ಆ ಕಡೆ ಎಸೆಕ್ಸಿನ ಹೊಲಗಳು. ಅಪ್ಪ ಬದುಕಿರುವವರೆಗೆ ಇದನ್ನು ಬರೆಯುವಂತಿರಲಿಲ್ಲ. ಈಗ ಅಪ್ಪನೂ ಇಲ್ಲ, ರೆಜ್ ಕೂಡ ಇಲ್ಲ. ಇಬ್ಬರ ಮಾತನ್ನೂ ಅತ್ತಿಂದಿತ್ತ ದಾಟಿಸಿದವಳು ನಾನೊಬ್ಬಳು ಉಳಿದಿದ್ದೇನೆ.

ಅಪ್ಪ ಆ ವರ್ಷ ಜನವರಿಯಲ್ಲಿ ಬಂದರು, ಆರು ತಿಂಗಳ ವೀಸಾದ ಮೇಲೆ. ನಮ್ಮದು ವಿಜಾಪುರದ ಆಚೆ, ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡ ಚಡಚಣ. ಅಪ್ಪ ದನದ ವ್ಯಾಪಾರಿ. ವಯಸ್ಸಿನಲ್ಲಿ ಅವರು ಆ ಕಡೆಯ ಕಿಲಾರಿ ಎತ್ತುಗಳನ್ನು ಹಿಂಡುಗಟ್ಟಲೆ ಭೀಮಾ ಹೊಳೆ ದಾಟಿಸಿ, ವಿಜಾಪುರ ಬಾಗಲಕೋಟೆಗಳವರೆಗೆ ನಡೆಸಿಕೊಂಡು ಹೋದವರು. ಅಂಥವರು ಸೆಂಟ್ರಲ್ ಹೀಟಿಂಗಿನ ಮನೆಯಲ್ಲಿ ಸೋಫಾದ ಮೇಲೆ ಎಷ್ಟು ದಿನ ಕುಳಿತಾರು? ನಮ್ಮ ಮನೆಯವರು ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರು, ಬೆಳಿಗ್ಗೆ ಹೋದರೆ ರಾತ್ರಿಯೇ ಬರುವವರು. ಮೇಘಾಳಿಗೆ ಪರೀಕ್ಷೆಯ ವರ್ಷ. ನಾನು ಊರಿನಲ್ಲಿ ಪಶುವೈದ್ಯ ಓದಿ ಇಂಡಿ ತಾಲೂಕಿನಲ್ಲಿ ಎರಡು ವರ್ಷ ಕೆಲಸ ಮಾಡಿದ್ದೆ, ಇಲ್ಲಿ ನನ್ನ ಡಿಗ್ರಿ ನಡೆಯದೆ ನಾಯಿ ಬೆಕ್ಕುಗಳ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್ ಆಗಿದ್ದೆ. ಅಪ್ಪ ಮೂರನೆಯ ದಿನವೇ ಕೋಲು ಹಿಡಿದು ಒಬ್ಬರೇ ಹೊರಬಿದ್ದರು.

ಅರ್ಧ ಗಂಟೆಯಲ್ಲಿ ಮೇಘಾ ಓಡಿ ಬಂದಳು. "ಮಮ್, ಅಜ್ಜ ಈಸ್ ಸ್ಟಾಪಿಂಗ್ ದ ಬಸ್!" ಹೋಗಿ ನೋಡಿದರೆ ನಿಜ. ಹೈ ಸ್ಟ್ರೀಟ್ ಮುಗಿಯುವಲ್ಲಿ ಅಪ್ಪ ಧೋತರ ಎತ್ತಿ ಕಟ್ಟಿ, ಮೇಲೆ ನಮ್ಮ ಮನೆಯವರ ಓವರ್‌ಕೋಟು ಹಾಕಿ, ರುಮಾಲು ಸುತ್ತಿ, ನಡುರಸ್ತೆಯಲ್ಲಿ ಕೋಲನ್ನು ಅಡ್ಡ ಹಿಡಿದು ನಿಂತಿದ್ದರು. ಅವರ ಹಿಂದೆ ಮೂವತ್ತು ನಲವತ್ತು ಕಪ್ಪುಬಿಳಿ ಹಸುಗಳು ಸಾವಕಾಶವಾಗಿ ರಸ್ತೆ ದಾಟುತ್ತಿದ್ದವು. ಹಸುಗಳ ಹಿಂದೆ ಒಬ್ಬ ಬಿಳಿಯ ಮುದುಕ, ಬಾಯಿ ಸ್ವಲ್ಪ ತೆರೆದುಕೊಂಡು, ಈ ಪ್ರಾಣಿ ಎಲ್ಲಿಂದ ಬಂತು ಎಂಬಂತೆ ಅಪ್ಪನನ್ನೇ ನೋಡುತ್ತಿದ್ದ. ಅವನೇ ರೆಜ್.

"ಇವನೌನ, ಒಬ್ಬನ ದನಾ ದಾಟಸ್ತಾನ! ಮುಂದ ಒಬ್ಬ, ಹಿಂದ ಒಬ್ಬ ಬ್ಯಾಡೇನು?" ಎಂದರು ಅಪ್ಪ ನನ್ನನ್ನು ಕಂಡು. ನಾನು ಮೊದಲ ಪದ ಬಿಟ್ಟು ಉಳಿದದ್ದನ್ನು ರೆಜ್‌ಗೆ ಹೇಳಿದೆ. ಅವನು ಗಂಭೀರವಾಗಿ ತಲೆಯಾಡಿಸಿ, "ಹಾಗಾದರೆ ನಾಳೆ ಆರೂವರೆಗೆ ಬರಲು ಹೇಳು" ಎಂದ.

ಅಂದಿನಿಂದ ಅಪ್ಪನಿಗೆ ನೌಕರಿ ಸಿಕ್ಕಂತಾಯಿತು. ಇಬ್ಬರಿಗೂ ಎಪ್ಪತ್ತು ದಾಟಿತ್ತು, ಒಬ್ಬರ ಭಾಷೆ ಇನ್ನೊಬ್ಬರಿಗೆ ಒಂದಕ್ಷರ ಬಾರದು. ಹಸುಗಳಿಗೆ ಹೇಳುವ ಮಾತು ಮಾತ್ರ ಇಬ್ಬರದೂ ಒಂದೇ, ಹೋ ಹೋ, ಹುರ್ರ್. ಭಾನುವಾರ ನಾನು ಹೋದಾಗ ವಾರದ ಬಾಕಿ ಮಾತೆಲ್ಲ ನನ್ನ ಬಾಯಿಂದ ಆಗಬೇಕಿತ್ತು. ಊರಿನ ಚರಿತ್ರೆ ನನಗೆ ತಿಳಿದದ್ದು ಹೀಗೆಯೇ. ರೈಲು ಬರುವ ಮೊದಲು ನಾರ್ಫಕ್, ಸಫಕ್ ಕಡೆಯಿಂದ, ಇನ್ನೂ ಮೇಲೆ ಸ್ಕಾಟ್ಲೆಂಡಿನಿಂದಲೂ, ಲಂಡನ್ನಿನ ಸಂತೆಗೆ ಹೋಗುವ ದನಗಳು ಈ ರಸ್ತೆಯಲ್ಲೇ ನಡೆದು ಹೋಗುತ್ತಿದ್ದವಂತೆ. ವಾರಗಟ್ಟಲೆ ನಡೆದು ಬಂದ ಹಿಂಡುಗಳಿಗೆ ಲಂಡನ್ ಸೇರುವ ಮುಂಚಿನ ಕೊನೆಯ ನಿಲುಗಡೆ ಈ ಊರು. ರೆಜ್‌ನ ಮುತ್ತಜ್ಜನ ಹೊಲದಲ್ಲಿ ಅವು ಒಂದು ರಾತ್ರಿ ಉಳಿದು, ನೀರು ಕುಡಿದು, ಮೇದು, ಬೆಳಿಗ್ಗೆ ಎದ್ದು ಹೋಗುತ್ತಿದ್ದವು. ಹಿಂಡು ಹಾಯುವಾಗ ಅಂಗಡಿಯವರು ಬಾಗಿಲು ಹಾಕಿಕೊಳ್ಳಬೇಕಿತ್ತು, ಇಲ್ಲದಿದ್ದರೆ ದನ ಒಳಗೇ ಬರುತ್ತಿತ್ತು. ರಸ್ತೆ ಅಗಲವಾದದ್ದು ಅದಕ್ಕೆ.

"ವಸ್ತಿ!" ಎಂದು ಅಪ್ಪ ತೊಡೆ ತಟ್ಟಿಕೊಂಡರು. "ನಮ್ಮಾಗೂ ವಸ್ತಿ ಇರ್ತಿತ್ತಲ್ಲ ಯವ್ವಾ. ಹೊಳಿ ದಾಟಿದ ಮ್ಯಾಲ ಧೂಳಖೇಡದಾಗ ಒಂದ್ ವಸ್ತಿ. ಹೇಳವಗ."

ಇನ್ನೊಂದು ದಿನ ರೆಜ್ ಕೊಟ್ಟಿಗೆಯ ಬಾಗಿಲಿಗೆ ಬಡಿದಿದ್ದ ತುಕ್ಕು ಹಿಡಿದ ಕಬ್ಬಿಣದ ತುಂಡೊಂದನ್ನು ತೋರಿಸಿದ. ಅರ್ಧಚಂದ್ರದ ಆಕಾರ, ಅಂಗೈಗಿಂತ ಸಣ್ಣದು. ಶಾಲೆಯ ಮೇಷ್ಟರೊಬ್ಬರು ಅದನ್ನು ಮುರಿದ ಕುದುರೆ ಲಾಳ ಎಂದು ಹೇಳಿ ಹೋಗಿದ್ದರಂತೆ. ಅಪ್ಪ ಅದನ್ನು ಹೆಬ್ಬೆರಳಿನಿಂದ ಒರೆಸಿ ನೋಡಿ, "ಮಾಸ್ತರಗ ಏನ್ ಗೊತ್ತಿರ್ತೈತಿ? ದನದ ನಾಲ ಇದು. ಸೀಳ ಗೊರಸಲ್ಲ, ಅದಕ ಒಂದ ಕಾಲಿಗೆ ಎರಡೆರಡ ತುಂಡು" ಎಂದರು. ದೂರ ನಡೆಸುವ ದನಗಳಿಗೆ ಲಾಳ ಕಟ್ಟುವುದು ಅವರು ಕಂಡದ್ದೇ. ಹಗ್ಗ ಹಾಕಿ ಎತ್ತನ್ನು ಹೇಗೆ ಕೆಡವುತ್ತಾರೆ, ಯಾರು ಕುತ್ತಿಗೆಯ ಮೇಲೆ ಕೂರುತ್ತಾರೆ ಎಂಬುದನ್ನು ಅಂಗಳದಲ್ಲಿ ಅಭಿನಯಿಸಿ ತೋರಿಸಿದರು. ರೆಜ್ ಅವತ್ತು ನನ್ನ ಅಪ್ಪನ ಕೈ ಹಿಡಿದು ಬಹಳ ಹೊತ್ತು ಬಿಡಲಿಲ್ಲ. "ನಮ್ಮ ಅಜ್ಜ ಹೋದಮೇಲೆ ಇದನ್ನು ಬಲ್ಲ ಮನುಷ್ಯನನ್ನು ನಾನು ನೋಡಿರಲಿಲ್ಲ" ಎಂದ.

ಫೆಬ್ರವರಿ ಕೊನೆಗೆ ಕಾಲುಬಾಯಿ ರೋಗ ಬಂತು. ಆ ವರ್ಷ ಇಂಗ್ಲೆಂಡಿನಲ್ಲಿದ್ದವರಿಗೆ ಅದನ್ನು ವರ್ಣಿಸಿ ಹೇಳಬೇಕಾಗಿಲ್ಲ. ಹೊಲದ ದಾರಿಗಳನ್ನೆಲ್ಲ ಮುಚ್ಚಿದರು. ಗೇಟುಗಳ ಮುಂದೆ ಔಷಧದಲ್ಲಿ ನೆನೆಸಿದ ಹುಲ್ಲಿನ ಹಾಸುಗಳು ಬಿದ್ದವು, ಆ ಘಾಟು ನನ್ನ ಬೂಟಿನಿಂದ ತಿಂಗಳುಗಟ್ಟಲೆ ಹೋಗಲಿಲ್ಲ. ಟಿವಿಯಲ್ಲಿ ದಿನಾ ದನಗಳ ಚಿತೆ. ಒಂದು ಹಸುವಿಗೆ ಬಂದರೆ ಇಡೀ ಹಿಂಡನ್ನು ಕೊಲ್ಲುವುದು ಇಲ್ಲಿನ ಕಾನೂನು. ರೆಜ್ ಹಸುಗಳನ್ನು ಒಳಗೆ ಕೂಡಿ ಗೇಟಿಗೆ ಸರಪಳಿ ಹಾಕಿದ. ಮಾತುಕತೆ ಗೇಟಿನ ಆಚೆ ಈಚೆ ನಿಂತು, ಕೂಗಿಕೊಂಡು.

ಅಪ್ಪನಿಗೆ ಟಿವಿ ನೋಡಿದರೆ ಮೈ ಉರಿಯುತ್ತಿತ್ತು. "ಇವರಿಗೇನ್ ಹುಚ್ಚ ಹಿಡದೈತೇನ? ಆಕಳಾ ಸುಡ್ತಾರ! ಕಾಲುಬ್ಯಾನಿಗಿ ಯಾರರ ಕೊಲ್ತಾರೇನು?" ನಾನು ಕಾನೂನು ಹೇಳಿದೆ, ವ್ಯಾಪಾರ ಹೇಳಿದೆ, ರೋಗ ಗಾಳಿಯಲ್ಲಿ ಹೋಗುವುದನ್ನು ಹೇಳಿದೆ. ಗೋಡೆಗೆ ಹೇಳಿದಂತಾಯಿತು.

ಒಂದು ಭಾನುವಾರ ರೆಜ್ ಗೇಟಿನಾಚೆಯಿಂದ ಕೇಳಿದ, "ನಿಮ್ಮಲ್ಲಿ ಇದು ಬಂದರೆ ಏನು ಮಾಡುತ್ತೀರಿ ಅಂತ ಅವನನ್ನು ಕೇಳು."

"ಏನ್ ಮಾಡೂದೈತಿ?" ಎಂದರು ಅಪ್ಪ. "ಬೀಗರು ಬಂದ್ಹಂಗ ಬರ್ತೈತಿ, ನಾಕ್ ದಿನಾ ಕಾಡ್ತೈತಿ, ಹೋಗ್ತೈತಿ. ಹೊಳಿ ರಾಡ್ಯಾಗ ನಿಂದ್ರಸೂದು. ಬೇವಿನ ಎಣ್ಣ್ಯಾಗ ಅರಿಷಿಣ ಕಲಿಸಿ ಗೊರಸಿಗಿ, ಬಾಯಿಗಿ ಹಚ್ಚೂದು. ಜ್ವಾಳದ ಅಂಬಲಿ ಕುಡಸೂದು. ಸಣ್ಣ ಕರಾ ಒಂದೆರಡು ಹೋದಾವು, ದೊಡ್ಡ ದನಾ ಸಾಯೂದಿಲ್ಲ. ಹೇಳವಗ, ಅಂಜಬ್ಯಾಡ ಅನ್ನು."

ನಾನು ಹೇಳಿದೆ. ಒಂದು ಮಾತೂ ಬಿಡದೆ ಹೇಳಿದೆ. ಹಾಲು ಬತ್ತುವುದನ್ನು ಸೇರಿಸಬಹುದಿತ್ತು, ಇಲ್ಲಿ ಇಲಾಖೆಗೆ ತಿಳಿಸದೆ ಮನೆಮದ್ದು ಮಾಡಿದರೆ ಅಪರಾಧ ಎನ್ನಬಹುದಿತ್ತು. ರೆಜ್‌ನ ಮುಖದಲ್ಲಿ ಎಷ್ಟೋ ದಿನದ ಮೇಲೆ ಸ್ವಲ್ಪ ಕಳೆ ಬಂದದ್ದು ನೋಡಿ ಬಾಯಿ ಬರಲಿಲ್ಲ. "ಇದು ನಿಜವೇ?" ಎಂದು ಅವನು ನನ್ನನ್ನೇ ಕೇಳಿದ, ನಾನು ಓದಿದವಳೆಂದು. "ನಿಜ, ಬಹಳಷ್ಟು ದನ ಉಳಿಯುತ್ತವೆ" ಎಂದೆ. ಸುಳ್ಳೇನೂ ಹೇಳಲಿಲ್ಲ.

ಮಾರ್ಚ್ ಕೊನೆಯಲ್ಲಿ ಒಂದು ಬೆಳಿಗ್ಗೆ ಅವನ ಫೋನ್ ಬಂತು. "ನಿನ್ನ ಅಪ್ಪನನ್ನು ಕರೆದುಕೊಂಡು ಬಾ." ಅಷ್ಟೇ.

ಗೇಟಿನಿಂದ ಕಾಣುವ ಸಣ್ಣ ಅಂಗಳದಲ್ಲಿ ಐವಿ ಒಬ್ಬಳೇ ನಿಂತಿದ್ದಳು. ಐವಿ ಅವನ ಹಿಂಡಿನ ಮುಂದಾಳು, ರಸ್ತೆ ದಾಟುವಾಗ ಮೊದಲು ಕಾಲಿಡುವವಳು. ಅಪ್ಪ ಅವಳನ್ನು ಐವವ್ವ ಎನ್ನುತ್ತಿದ್ದರು. ಎಡ ಮುಂಗಾಲನ್ನು ನೆಲಕ್ಕೆ ಊರಲಾರದೆ ಎತ್ತಿ ಹಿಡಿದಿದ್ದಳು. ಹುಲ್ಲು ಮುಟ್ಟಿಲ್ಲ. ಬಾಯಂಚಿನಲ್ಲಿ ಸ್ವಲ್ಪ ಜೊಲ್ಲು.

ಚಳಿಗಾಲವೆಲ್ಲ ಮಳೆ ಹೊಡೆದಿತ್ತು, ಗೊರಸಿನಲ್ಲಿ ಕಲ್ಲು ಸಿಕ್ಕು ಕೀವಾಗಿರಬಹುದು, ಒಣಹುಲ್ಲಿನ ಮುಳ್ಳು ನಾಲಿಗೆಗೆ ಚುಚ್ಚಿರಬಹುದು. ಹತ್ತಿರ ಹೋಗಿ ಬಾಯಿ ಬಿಡಿಸಿ ನೋಡಿದ್ದರೆ ನಾನೇ ಹೇಳಬಹುದಿತ್ತೇನೋ. ಆದರೆ ಒಳಗೆ ಹೋಗುವಂತಿಲ್ಲ. ಹೇಳಬೇಕಾದ ಮಾತು ಒಂದೇ, "ಈಗಲೇ ಇಲಾಖೆಗೆ ಫೋನ್ ಮಾಡು" ಎಂದು. ಆ ಮಾತನ್ನು ನುಂಗಿಕೊಂಡೆ.

"ಫೋನ್ ಮಾಡಿದರೆ ಏನಾಗುತ್ತದೆ ಎಂದು ಗೊತ್ತಲ್ಲ" ಎಂದ ರೆಜ್. "ನಮ್ಮ ಮುತ್ತಜ್ಜನ ಕಾಲದಿಂದ ಈ ಹೊಲದಲ್ಲಿ ಒಂದು ದಿನವೂ ದನ ಇಲ್ಲದೆ ಇದ್ದದ್ದಿಲ್ಲ. ಎರಡು ಯುದ್ಧ ಬಂದಾಗಲೂ ಇದ್ದವು. ಮೂರು ದಿನ ನೋಡೋಣ. ಅವನ ಔಷಧ ಎಲ್ಲಿ ಸಿಗುತ್ತದೆ?"

ಔಷಧ ನನ್ನ ಅಡಿಗೆಮನೆಯಲ್ಲೇ ಇತ್ತು. ಅರಿಶಿನದ ಪುಡಿ ಮನೆಯ ಡಬ್ಬಿಯದು, ಬೇವಿನ ಎಣ್ಣೆ ಇಲ್ಫರ್ಡಿನ ಅಂಗಡಿಯಿಂದ ತಂದಿಟ್ಟದ್ದು. ಸ್ಟೀಲ್ ಬೋಗುಣಿಯಲ್ಲಿ ಕಲಸಿ ಗೇಟಿನ ಕಂಬದ ಮೇಲೆ ಇಟ್ಟು ಹಿಂದೆ ಸರಿದೆ. ಅಪ್ಪ ಇತ್ತ ಕಡೆಯಿಂದ ಕೂಗಿ ಹೇಳಿದರು, ನಾನು ಇಂಗ್ಲಿಷಿನಲ್ಲಿ ಕೂಗಿದೆ. ಗೊರಸಿನ ಸಂದಿಗೆ ತುಂಬು. ನಾಲಿಗೆಗೆ ದಪ್ಪಗೆ ಹಚ್ಚು. ಒಸಡಿಗೆ ಹಚ್ಚು. ಆಮೇಲೆ ಹೊಲದಂಚಿನ ಹಳ್ಳದ ಕೆಸರಲ್ಲಿ ನಿಲ್ಲಿಸು. ರೆಜ್ ಒಂದೊಂದನ್ನೂ ಹೇಳಿದ ಹಾಗೇ ಮಾಡಿದ.

ಸಂಜೆ ನಮ್ಮ ಮನೆಯವರಿಗೆ ವಿಷಯ ಗೊತ್ತಾಗಿ ಉರಿದುಬಿದ್ದರು. "ದನದ ಡಾಕ್ಟರಕಿ ನೀ. ಅರಿಷಿಣ ಕಲಿಸಿ ಕೊಟ್ಟ ಬಂದಿ? ನಿನಗ ಬುದ್ಧಿ ಐತೋ ಇಲ್ಲೋ?" ಅಪ್ಪ ಒಳಗಿನಿಂದಲೇ, "ಮೂರ ದಿನಾ ತಡೀರಿ ಅಳಿಯಂದಿರ, ಆರಾಮ ಆಗ್ತೈತಿ" ಎಂದರು. ಅಪ್ಪನ ದನಿಯಲ್ಲಿ ಎಷ್ಟೋ ವರ್ಷಗಳ ಮೇಲೆ ಹಳೆಯ ಹುರುಪು ಕೇಳಿತು. ಈ ದೇಶದಲ್ಲಿ ಅವರು ಒಬ್ಬರಿಗಾದರೂ ಬೇಕಾಗಿದ್ದರು. ಅದನ್ನು ಕಿತ್ತುಕೊಳ್ಳಲು ನನಗೆ ಮನಸ್ಸಾಗಲಿಲ್ಲ, ತಪ್ಪು ಎಂದು ಗೊತ್ತಿದ್ದೂ ಆಗಲಿಲ್ಲ.

ಮೂರನೆಯ ದಿನ ಐವಿ ಕಾಲೂರಿದಳು. ಹುಲ್ಲು ತಿಂದಳು. "ನೋಡ, ನೋಡ, ಮೇಯಾಕತ್ತಾಳ ಐವವ್ವ!" ಎಂದು ಅಪ್ಪ ಗೇಟು ಹಿಡಿದು ಕುಣಿದರು. ಜೊಲ್ಲು ಮಾತ್ರ ಮೊದಲಿಗಿಂತ ಹೆಚ್ಚು ಸುರಿಯುತ್ತಿತ್ತು. ಅದು ಬೇವಿನ ಕಹಿಗೆ ಎಂದು ನನಗೆ ಹೊಳೆದದ್ದು ಎಷ್ಟೋ ವಾರಗಳ ಮೇಲೆ. ಅದೇ ಮಧ್ಯಾಹ್ನ ಕ್ಲಿನಿಕ್ಕಿನಲ್ಲಿ ಸುದ್ದಿ ಕೇಳಿದೆ, ಕೆಲವೇ ಮೈಲಿ ದೂರದ ಫಾರ್ಮಿನಲ್ಲಿ ರೋಗ ಖಚಿತವಾಗಿತ್ತು. ಹಳ್ಳದ ಆಚೆ ಬೇರೆಯವರ ದನಗಳೂ ಇದ್ದವು, ಹಳ್ಳದ ನೀರು ಎಲ್ಲರದು. ನೇರವಾಗಿ ಗೇಟಿಗೆ ಹೋಗಿ, "ರೆಜ್, ಇನ್ನು ತಡೆಯುವಂತಿಲ್ಲ, ಫೋನ್ ಮಾಡು" ಎಂದೆ. "ನೀನು ಹೇಳಿದರೆ ಮಾಡುತ್ತೇನೆ" ಎಂದು ಒಳಗೆ ಹೋದ.

ಬಂದವಳು ಆಸ್ಟ್ರೇಲಿಯಾದ ಯುವ ಪಶುವೈದ್ಯೆ. ಬಿಳಿಯ ಮೇಲಂಗಿ ತೊಟ್ಟು ಐವಿಯ ಬಾಯಿ ಬಿಡಿಸಿದಳು. ನಾನು ರಸ್ತೆಯಲ್ಲಿ ನಿಂತು ನೋಡುತ್ತಿದ್ದೆ. ನಾಲಿಗೆ ಹಳದಿ. ಒಸಡು ಹಳದಿ. ಗೊರಸಿನ ಸಂದಿಯಲ್ಲಿ ಅರಿಶಿನ, ಎಣ್ಣೆ, ಕೆಸರು ಗಟ್ಟಿಯಾಗಿ ಕೂತಿತ್ತು. ಅವಳು ತೊಳೆದಳು, ಉಜ್ಜಿದಳು, ಟಾರ್ಚ್ ಹಿಡಿದಳು. ಅರಿಶಿನ ಹೋಗುವುದುಂಟೇ? ನಾಲಿಗೆಯ ಮೇಲೆ ಹುಣ್ಣಿತ್ತು. ಅದು ಗುಳ್ಳೆ ಒಡೆದದ್ದೋ ಮುಳ್ಳು ಚುಚ್ಚಿದ್ದೋ ಹೇಳಲು ಆಗಲಿಲ್ಲ. "ಇದೇನಿದು? ಯಾರು ಹಚ್ಚಿದರು?" ಎಂದು ಕೇಳಿದಳು. "ನಾನು" ಎಂದ ರೆಜ್. ಗೇಟಿನ ಕಡೆ ತಿರುಗಿಯೂ ನೋಡಲಿಲ್ಲ.

ಮೂರು ದಿನ ಮುಚ್ಚಿಟ್ಟದ್ದು, ಮೂರು ದಿನದ ಜೊಲ್ಲು, ಹತ್ತಿರದಲ್ಲೇ ರೋಗ. ರಕ್ತ ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಕಾಲವಲ್ಲ ಅದು. ಅನುಮಾನದ ಮೇಲೆ ಹಿಂಡನ್ನೆಲ್ಲ ತೆಗೆಯಬೇಕೆಂದು ಅವಳು ಬರೆದಳು. ಬರೆಯುವಾಗ ಅವಳ ಕಣ್ಣಲ್ಲಿ ನೀರಿತ್ತು. ಅವಳ ತಪ್ಪು ಎಳ್ಳಷ್ಟೂ ಇಲ್ಲ, ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಬರೆಯುತ್ತಿದ್ದೆ.

ಮರುದಿನ ಹತ್ತು ಗಂಟೆಗೆ ಶುರುವಾಯಿತು. ಗುಂಡಿನ ಸದ್ದು ನಮ್ಮ ಮನೆಗೆ ಕೇಳುತ್ತಿತ್ತು. ಪ್ರತಿ ಸದ್ದಿಗೂ ಅಪ್ಪ "ಶಿವಾ" ಎನ್ನುತ್ತಿದ್ದರು, ಆಮೇಲೆ ಅದನ್ನೂ ಬಿಟ್ಟರು. ಮಧ್ಯಾಹ್ನ ಸದ್ದು ನಿಂತಿತು. ಅಂದು ನಮ್ಮ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಮೇಘಾ ತನ್ನ ಪುಸ್ತಕ ತಂದು ಅಜ್ಜನ ಪಕ್ಕದಲ್ಲಿ ಕುಳಿತಳು, ಓದಲಿಲ್ಲ. ಸಂಜೆ ಲಾರಿಗಳು ಹೋಗುತ್ತವೆಂದು ಗೊತ್ತಾಗಿ ಅಪ್ಪ ಎದ್ದು ರುಮಾಲು ಸುತ್ತಿಕೊಂಡರು. ಬೇಡವೆಂದರೂ ಕೇಳಲಿಲ್ಲ. ಹೈ ಸ್ಟ್ರೀಟಿನ ಬದಿಯಲ್ಲಿ ನಾವು ಮೂವರೂ ನಿಂತೆವು. ಮೇಲೆ ಬಿಗಿಯಾಗಿ ಹೊದಿಕೆ ಕಟ್ಟಿದ ಲಾರಿಗಳು ಮೆಲ್ಲಗೆ ಹಾದು ಹೋದವು. ನೂರಾರು ವರ್ಷ ದನಗಳು ನಡೆದು ಹೋದ ರಸ್ತೆ ಅದು, ಈ ಊರಿನ ದನ ಆ ರಸ್ತೆಯಲ್ಲಿ ಹೋದದ್ದು ಅವತ್ತೇ ಕಡೆ. ಅಪ್ಪ ರುಮಾಲು ತೆಗೆದು ಕೈಯಲ್ಲಿ ಹಿಡಿದರು. ತಲೆಗೆ ಏನೂ ಇಲ್ಲದೆ ಬೀದಿಯಲ್ಲಿ ನಿಂತ ಅಪ್ಪನನ್ನು ನಾನು ಅದೇ ಮೊದಲು ನೋಡಿದ್ದು.

ಆಮೇಲಿನ ವಾರಗಳಲ್ಲಿ ಅಪ್ಪ ಹೊರಗೆ ಹೋಗಲಿಲ್ಲ. ಊಟಕ್ಕೆ ಕರೆದರೆ ಬರುತ್ತಿದ್ದರು, ಎರಡು ತುತ್ತು ತಿಂದು ಏಳುತ್ತಿದ್ದರು. ಒಂದು ದಿನ, "ನಾ ಸುಮ್ಮನಿರಬೇಕಾಗಿತ್ತೇನ ಯವ್ವಾ?" ಎಂದು ಕೇಳಿದರು. ಸುಮ್ಮನಿರಬೇಕಾದವಳು ನಾನು. ಅವರಿಗೆ ಇಲ್ಲಿನ ಕಾನೂನು ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಅವರು ಕನ್ನಡದಲ್ಲಿ ಹೇಳಿದ್ದು ಗೇಟಿನ ಈಚೆಗೇ ಬಿದ್ದಿರುತ್ತಿತ್ತು, ನಾನು ದಾಟಿಸದಿದ್ದರೆ. "ಹಂಗೇನಿಲ್ಲಪ್ಪಾ" ಎಂದು ಎದ್ದು ಹೋದೆ. ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟು ಅತ್ತೆ.

ಮೇ ತಿಂಗಳಲ್ಲಿ ರೆಜ್ ಫೋನ್ ಮಾಡಿ ಇಬ್ಬರನ್ನೂ ಬರಹೇಳಿದ. ಗೇಟಿಗೆ ಸರಪಳಿ ಇರಲಿಲ್ಲ. ಅಂಗಳವನ್ನು ತೊಳೆದು ತೊಳೆದು ಬಿಳುಪೇರಿಸಿದ್ದರು, ಒಂದು ನೊಣವೂ ಇರಲಿಲ್ಲ. ರೆಜ್ ತೆಳ್ಳಗಾಗಿದ್ದ. ಕೋಟಿನ ಜೇಬಿನಿಂದ ಕಾಗದವೊಂದನ್ನು ತೆಗೆದು ನನಗೆ ಕೊಟ್ಟ. ಪರೀಕ್ಷೆಯ ಫಲಿತಾಂಶ. ಎರಡು ಸಲ ಓದಿದೆ. ಐವಿಯ ರಕ್ತದಲ್ಲಾಗಲಿ, ಹಿಂಡಿನ ಇನ್ನೊಂದು ಹಸುವಿನಲ್ಲಾಗಲಿ ರೋಗ ಇರಲಿಲ್ಲ. ಅರಿಶಿನ ಹಚ್ಚದೆ ಇದ್ದಿದ್ದರೆ ಆ ವೈದ್ಯೆ ಮುಳ್ಳಿನ ಗಾಯ ನೋಡಿ, ಗೊರಸಿನ ಕೀವು ಬಿಡಿಸಿ, ಕೈ ತೊಳೆದುಕೊಂಡು ಹೋಗುತ್ತಿದ್ದಳು. ಅದು ರೆಜ್‌ಗೂ ಗೊತ್ತಿತ್ತು. ಹಳದಿಯ ಕೆಳಗೆ ಏನೂ ಕಾಣುತ್ತಿಲ್ಲ ಎಂದು ಅವಳು ಅವತ್ತೇ ಅವನಿಗೆ ಹೇಳಿದ್ದಳಂತೆ. ಐದು ವಾರ ಅವನು ಅದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದ.

ಅಪ್ಪ ಕಾಗದವನ್ನೂ ನನ್ನ ಮುಖವನ್ನೂ ನೋಡಿದರು. "ಏನ್ ಬಂದೈತಿ ಯವ್ವಾ? ಬ್ಯಾನಿ ಇತ್ತಂತೇನು?"

ಅಪ್ಪ ಏನು ಕೇಳಿದರೆಂದು ರೆಜ್‌ಗೆ ನಾನು ಹೇಳಬೇಕಾಗಲಿಲ್ಲ. ಅವನು ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಚಿ ಜೇಬಿಗಿಟ್ಟ.

"ರೋಗ ಇತ್ತು ಅಂತ ಹೇಳು ಅವನಿಗೆ" ಎಂದ.

"ರೆಜ್..."

"ಹೇಳು. ನನ್ನ ಹಸುಗಳು ಹೋದವು. ಅವನೂ ಹೋಗುವುದು ಬೇಡ."

ಅಪ್ಪನ ಮಾತನ್ನು, ರೆಜ್‌ನ ಮಾತನ್ನು ನಾನು ಅಲ್ಲಿಯವರೆಗೆ ತಪ್ಪಾಗಿ ದಾಟಿಸಿರಲಿಲ್ಲ. "ಇತ್ತಂತಪ್ಪಾ" ಎಂದೆ. "ಎಲ್ಲಾ ಆಕಳಿಗೂ ಇತ್ತಂತ."

ಅಪ್ಪ ನಿಧಾನವಾಗಿ ಉಸಿರು ಬಿಟ್ಟರು. "ಹಂಗಾರ ನನ್ನ ಔಷಧದಿಂದ ಏನೂ ಕೆಡಲಿಲ್ಲಲ್ಲ? ಕೇಳವ್ವಾ ಅವನ್ನ. ಅವನ ಬಾಯಿಲೆ ಕೇಳಬೇಕು ನಾ."

ಆ ಪ್ರಶ್ನೆಯನ್ನು ಅಕ್ಷರ ಬಿಡದೆ ಕೇಳಿದೆ. ರೆಜ್ ಅಪ್ಪನ ಎರಡೂ ಕೈ ಹಿಡಿದುಕೊಂಡ.

"ಏನೂ ಕೆಡಲಿಲ್ಲ ಅಂತ ಹೇಳು. ಕೊನೆಯ ದಿನ ಐವಿ ಹೊಟ್ಟೆ ತುಂಬ ಮೇದಳು, ಕಾಲಿನ ನೋವೂ ಇರಲಿಲ್ಲ. ಅದು ಅವನಿಂದ ಅಂತ ಹೇಳು."

ಐವಿ ಮೇದದ್ದು, ನೋವಿಲ್ಲದೆ ಇದ್ದದ್ದು, ಆ ಎರಡು ಮಾತು ನಿಜವಾಗಿದ್ದವು. ಅವನ್ನು ಮೊದಲು ಹೇಳಿದೆ.